ಡುಪ್ಲಿಕೇಟ್ ಅಂತ ಅಳಿಸಿದ ಹೆಸರು

ಐದನೇ ಸೆಮಿಸ್ಟರ್ ಪರೀಕ್ಷೆಯಲ್ಲಿ ಎಟಿಎಂ ಯಂತ್ರದ ಯೂಸ್ ಕೇಸ್ ಡಯಾಗ್ರಾಂ ಬರೆಯಿರಿ ಎಂಬ ಪ್ರಶ್ನೆ ಬಂದಿತ್ತು. ಗೈಡ್‌ನ ಆ ಪುಟ ನನಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಎಡಗಡೆ ಒಬ್ಬ ಕಡ್ಡಿ ಮನುಷ್ಯ, ಬಲಗಡೆ ಬ್ಯಾಂಕು, ನಡುವೆ ಒಂದರ ಕೆಳಗೊಂದು ಐದು ಮೊಟ್ಟೆಗಳು. ಹತ್ತು ನಿಮಿಷದಲ್ಲಿ ಬರೆದು ಮುಗಿಸಿ ಮುಂದಿನ ಪ್ರಶ್ನೆಗೆ ಹೋದೆ. ಆ ಕಡ್ಡಿ ಮನುಷ್ಯ ಯಾರು, ಅವನಿಗೆ ಏನಾಗಬೇಕು, ನಾನು ಒಂದು ಗೆರೆ ತಪ್ಪಿದರೆ ಅವನ ಗತಿಯೇನು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಯೋಚಿಸುವಂತೆ ಮಾಡಿದ್ದು, ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ನಾನೇ ಮಾಡಿದ ಒಂದು ತಪ್ಪು.

ನಮ್ಮೂರು ದಕ್ಷಿಣ ಕೊಡಗಿನ ಪಾಲಿಬೆಟ್ಟ. ದಶಕಗಳ ಕಾಲ ಟಾಟಾ ಕಾಫಿಯ ನೋಂದಾಯಿತ ಕಚೇರಿ ಇದ್ದ ಊರು ಎಂದರೆ ಹೊರಗಿನವರಿಗೆ ಬೇಗ ಗೊತ್ತಾಗುತ್ತದೆ. ಅಪ್ಪ ಅಂಥ ದೊಡ್ಡ ಕಂಪನಿಯಲ್ಲಿಲ್ಲ. ಒಂದು ಸಣ್ಣ ಖಾಸಗಿ ತೋಟದಲ್ಲಿ ರೈಟರ್. ತೋಟದ ರೈಟರ್ ಎಂದರೆ ಕತೆ ಬರೆಯುವವರಲ್ಲ, ಲೆಕ್ಕ ಬರೆಯುವವರು. ಯಾರು ಕೆಲಸಕ್ಕೆ ಬಂದರು, ಯಾವ ಬ್ಲಾಕಿನಲ್ಲಿ ಕುಯ್ದರು, ಸಂಜೆ ಕಣದಲ್ಲಿ ಎಷ್ಟು ಕೆ.ಜಿ. ತೂಗಿತು, ಯಾರಿಗೆ ಎಷ್ಟು ಮುಂಗಡ ಕೊಟ್ಟಿದೆ ಎಂಬುದೆಲ್ಲ ಅವರ ಉದ್ದನೆಯ ಲೆಡ್ಜರಿನಲ್ಲಿ ಇರುತ್ತದೆ.

ಜನವರಿ, ಫೆಬ್ರುವರಿ ನಮ್ಮಲ್ಲಿ ರೋಬಸ್ಟಾ ಕೊಯ್ಲಿನ ಕಾಲ. ಕೂಲಿ ದಿನದ ಲೆಕ್ಕವಲ್ಲ, ಕೆ.ಜಿ. ಲೆಕ್ಕ. ಶನಿವಾರ ಬಟವಾಡೆ. ಶುಕ್ರವಾರ ರಾತ್ರಿ ಅಪ್ಪ ಕನ್ನಡಕ ಹಾಕಿಕೊಂಡು ಕ್ಯಾಲ್ಕುಲೇಟರ್ ಒತ್ತುತ್ತಾ ಹನ್ನೊಂದು ಗಂಟೆಯವರೆಗೆ ಕೂರುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಈ ಸಲ ‘ನಾನು ಕಂಪ್ಯೂಟರಿನಲ್ಲಿ ಮಾಡಿಕೊಡ್ತೇನೆ’ ಎಂದೆ. ಮೂರು ವರ್ಷ ಫೀಸು ಕಟ್ಟಿದ ಅಪ್ಪ ಬೇಡ ಎನ್ನಲಿಲ್ಲ.

ಎರಡು ಗೈಡು, ಒಂದು ಲ್ಯಾಪ್‌ಟಾಪು

ನನ್ನ ಬಳಿ ಇದ್ದದ್ದು ಎರಡು ಪುಸ್ತಕ. ಒಂದು ಪರೀಕ್ಷೆಗೆಂದು ಕೊಂಡ ಯುಎಂಎಲ್ ಗೈಡ್. ಇನ್ನೊಂದು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕಗಳ ರಾಶಿಯಿಂದ ಎಳೆದು ತಂದ ಮೈಕ್ರೋಸಾಫ್ಟ್ ಆಕ್ಸೆಸ್ ಕೈಪಿಡಿ. ನಮ್ಮ ಕಡೆ ಸಂಜೆಯಾದರೆ ತೋಟದ ದಾರಿಯಲ್ಲಿ ಆನೆ ಭಯ, ಮನೆಯೊಳಗೆ ನೆಟ್‌ವರ್ಕ್ ಬಂದರೆ ಬಂತು. ವಿಡಿಯೊ ನೋಡಿ ಕಲಿಯುವ ಆಸೆ ಬಿಟ್ಟು ಪುಸ್ತಕ ಬಿಡಿಸಿದೆ.

ಮೊದಲ ತೊಡಕು ಅಲ್ಲೇ ಬಂತು. ಕೈಪಿಡಿ ಆಕ್ಸೆಸ್ 2003ರದ್ದು. ಅದರಲ್ಲಿ ‘ಟೂಲ್ಸ್ ಮೆನುವಿಗೆ ಹೋಗಿ ರಿಲೇಶನ್‌ಶಿಪ್ಸ್ ಒತ್ತಿ’ ಎಂದಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಆ ಮೆನುವೇ ಇಲ್ಲ. 2007ರಿಂದ ಮೈಕ್ರೋಸಾಫ್ಟ್ ಮೆನುಗಳನ್ನು ತೆಗೆದು ರಿಬ್ಬನ್ ತಂದಿತು. ಅದೇ ಗುಂಡಿ ಈಗ ‘ಡೇಟಾಬೇಸ್ ಟೂಲ್ಸ್’ ಅಡಿಯಲ್ಲಿದೆ. ಅದನ್ನು ಹುಡುಕಲು ಅರ್ಧ ಗಂಟೆ ಹೋಯಿತು. ಆದರೆ ಒಂದು ಸಂಗತಿ ತಿಳಿಯಿತು. ಗೈಡ್‌ನಲ್ಲಿ ಹಳೆಯದಾಗುವುದು ಪರದೆಯ ಚಿತ್ರಗಳು ಮಾತ್ರ. ಟೇಬಲ್, ಕೀ, ಸಂಬಂಧ ಎಂಬ ವಿಚಾರಗಳು ಹಾಗೇ ಇವೆ. ಅವು ಇ.ಎಫ್. ಕಾಡ್ ಐಬಿಎಂನಲ್ಲಿದ್ದಾಗ 1970ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಬಂದವು. ಆಕ್ಸೆಸ್ ಮಾರುಕಟ್ಟೆಗೆ ಬಂದದ್ದು 1992ರಲ್ಲಿ. ಅಂದರೆ ತಂತ್ರಾಂಶಕ್ಕಿಂತ ಅದರೊಳಗಿನ ವಿಚಾರ ಇಪ್ಪತ್ತೆರಡು ವರ್ಷ ದೊಡ್ಡದು.

ಗೈಡ್‌ನ ಉದಾಹರಣೆ ‘ನಾರ್ತ್‌ವಿಂಡ್’ ಎಂಬ ಕಾಲ್ಪನಿಕ ವ್ಯಾಪಾರ ಸಂಸ್ಥೆ. ಆಕ್ಸೆಸ್ ಕಲಿತವರಿಗೆಲ್ಲ ಇದು ಗೊತ್ತು. ಅದರ ಹಳೆಯ ಪಟ್ಟಿಯಲ್ಲಿ ಮೊದಲ ವಸ್ತುವೇ ‘ಚಾಯ್’. ಕೆಳಗೆ ‘ಇಪೋ ಕಾಫಿ’ ಅಂತಲೂ ಇದೆ. ಕಾಫಿ ನೋಡಿ ಖುಷಿಯಾಯಿತು. ಇದೇ ಥರ ನಮ್ಮ ತೋಟದ್ದೂ ಮಾಡಿದರಾಯಿತು ಎಂದುಕೊಂಡೆ.

ಡಯಾಗ್ರಾಂ ಬರೆಯಲಿಲ್ಲ. ಅದು ಪರೀಕ್ಷೆಗೆ ಎಂಬ ಭಾವನೆ. ನೇರವಾಗಿ ಒಂದೇ ಟೇಬಲ್ ಮಾಡಿದೆ: ದಿನಾಂಕ, ಹೆಸರು, ಬ್ಲಾಕ್, ಕೆ.ಜಿ. ಚಂದದ ಹಸಿರು ಫಾರಂ ಮಾಡಿದೆ. ಅಪ್ಪನ ಲೆಡ್ಜರ್ ಪಕ್ಕಕ್ಕಿಟ್ಟುಕೊಂಡು ವಾರದ ಲೆಕ್ಕವನ್ನೆಲ್ಲ ತುಂಬಿದೆ. ಹೆಸರಿನ ಪಕ್ಕ ಅಪ್ಪ ಸಣ್ಣದಾಗಿ ‘ಲೈ 4’, ‘ಲೈ 7’ ಎಂದೇನೋ ಬರೆದಿದ್ದರು. ಅದು ಅವರ ಗುರುತಿಗೆ ಇರಬೇಕು ಎಂದು ಬಿಟ್ಟೆ.

ಆಮೇಲೆ ಗೈಡ್‌ನ ಇನ್ನೊಂದು ಅಧ್ಯಾಯ ಓದಿದೆ. ಆಕ್ಸೆಸ್‌ನಲ್ಲಿ ‘ಫೈಂಡ್ ಡುಪ್ಲಿಕೇಟ್ಸ್ ಕ್ವೆರಿ ವಿಝಾರ್ಡ್’ ಎಂಬುದಿದೆ. ಒಂದೇ ದಾಖಲೆ ಎರಡು ಸಲ ಬಿದ್ದಿದ್ದರೆ ಹುಡುಕಿ ಕೊಡುತ್ತದೆ. ಓಡಿಸಿದೆ. ಒಂದೇ ದಿನಾಂಕ, ಒಂದೇ ಹೆಸರು ಇರುವ ಐದು ಜೋಡಿ ಸಿಕ್ಕವು. ನಿದ್ದೆಗಣ್ಣಲ್ಲಿ ಎರಡು ಸಲ ಟೈಪ್ ಮಾಡಿರಬೇಕು ಎಂದುಕೊಂಡು ಪ್ರತಿ ಜೋಡಿಯಲ್ಲಿ ಎರಡನೆಯದನ್ನು ಅಳಿಸಿದೆ. ಎರಡರ ಕೆ.ಜಿ. ಬೇರೆ ಬೇರೆ ಇತ್ತು. ಅದನ್ನು ನೋಡಲೇ ಇಲ್ಲ.

ಶನಿವಾರ

ಬಟವಾಡೆಗೆ ಅಪ್ಪ ನನ್ನ ಪ್ರಿಂಟ್ ಹಿಡಿದು ಕೂತರು. ಹೆಸರು ಕರೆದ ಹಾಗೆ ಒಬ್ಬೊಬ್ಬರೇ ಬಂದು ತೆಗೆದುಕೊಂಡು ಹೋದರು. ಕೊನೆಗೆ ಒಬ್ಬ ಹೆಂಗಸು ನಿಂತೇ ಇದ್ದರು.

‘ನನ್ನ ಹೆಸರು ಕರೀಲಿಲ್ಲ ರೈಟ್ರೇ’ ಎಂದರು. ಅಪ್ಪ ಪಟ್ಟಿ ನೋಡಿ, ‘ಈ ಹೆಸರು ಆಯ್ತಲ್ಲ’ ಎಂದರು. ‘ಅದು ಅವಳದ್ದು. ನನ್ನದು?’

ಆ ತೋಟದಲ್ಲಿ ಒಂದೇ ಹೆಸರಿನ ಇಬ್ಬರಿದ್ದರು. ಒಬ್ಬರು ಲೈನ್ ಮನೆ 4, ಇನ್ನೊಬ್ಬರು ಲೈನ್ ಮನೆ 7. ನಾನು ಡುಪ್ಲಿಕೇಟ್ ಎಂದು ಅಳಿಸಿದ್ದು ಐದು ದಿನ ಬೆಳಗಿನಿಂದ ಸಂಜೆಯವರೆಗೆ ಕುಯ್ದ ಒಬ್ಬ ಮನುಷ್ಯಳನ್ನು. ಅಷ್ಟೇ ಅಲ್ಲ, ಗುರುವಾರ ಮೊದಲನೆಯವರು ಕೆಲಸಕ್ಕೇ ಬಂದಿರಲಿಲ್ಲ. ಆ ದಿನ ಜೋಡಿ ಇರಲಿಲ್ಲವಾದ್ದರಿಂದ ಎರಡನೆಯವರ ತೂಕ ಹಾಗೇ ಉಳಿದು ಮೊದಲನೆಯವರ ಲೆಕ್ಕಕ್ಕೆ ಸೇರಿತ್ತು. ಒಬ್ಬರಿಗೆ ಒಂದು ದಿನದ್ದು ಹೆಚ್ಚು, ಇನ್ನೊಬ್ಬರಿಗೆ ಏನೂ ಇಲ್ಲ.

ಆಕೆ ಜಗಳ ಮಾಡಲಿಲ್ಲ. ಸೋಮವಾರದಿಂದ ಒಂದೊಂದು ದಿನದ ತೂಕವನ್ನು ಬಾಯಲ್ಲಿ ಹೇಳಿದರು. ಅಪ್ಪ ಲೆಡ್ಜರ್ ತರಿಸಿ ಬೆರಳಿಟ್ಟು ನೋಡಿದರು. ಒಂದು ಕೆ.ಜಿ. ಕೂಡ ವ್ಯತ್ಯಾಸವಿರಲಿಲ್ಲ. ಅಲ್ಲೇ ಹಣ ಕೊಟ್ಟರು. ಹೆಚ್ಚು ಹೋದದ್ದನ್ನು ಮೊದಲನೆಯವರ ಮುಂದಿನ ವಾರದ ಲೆಕ್ಕದಲ್ಲಿ ಹೊಂದಿಸಿದರು. ನಾನು ‘ತಪ್ಪಾಯ್ತು’ ಎಂದೆ. ಆಕೆ ‘ಕಂಪ್ಯೂಟರ್ ತಾನೇ, ಆಗುತ್ತೆ’ ಎಂದು ಹೋದರು. ಕಂಪ್ಯೂಟರ್ ಮಾಡಿದ್ದಲ್ಲ ಎಂದು ನನಗೆ ಗೊತ್ತಿತ್ತು. ಲೆಡ್ಜರ್ ಇಲ್ಲದೆ ನನ್ನ ಪ್ರಿಂಟ್ ಮಾತ್ರ ಇದ್ದಿದ್ದರೆ ಆಕೆಯ ಮಾತನ್ನು ನಂಬುವುದಕ್ಕೆ ಯಾವ ದಾಖಲೆಯೂ ಉಳಿಯುತ್ತಿರಲಿಲ್ಲ ಎಂಬುದು ನೆನಪಾದಾಗಲೆಲ್ಲ ಈಗಲೂ ಮುಜುಗರವಾಗುತ್ತದೆ.

ಲೆಡ್ಜರ್ ಓದಲು ಕಲಿತದ್ದು

ಆ ರಾತ್ರಿ ಯುಎಂಎಲ್ ಗೈಡ್ ಮತ್ತೆ ತೆಗೆದೆ. ಈ ಸಲ ಬಾಯಿಪಾಠಕ್ಕಲ್ಲ. ಒಂದು ಕಡೆ ಗೈಡ್, ಒಂದು ಕಡೆ ಅಪ್ಪನ ಲೆಡ್ಜರ್. ಅಪ್ಪ ಬಳಸುವ ಪ್ರತಿ ಗುರುತಿಗೂ ‘ಇದು ಯಾಕೆ’ ಎಂದು ಕೇಳುತ್ತಾ ಹೋದೆ. ಅವರು ಹೇಳಿದ ಪ್ರತಿ ಉತ್ತರಕ್ಕೂ ಗೈಡ್‌ನಲ್ಲಿ ಒಂದು ಹೆಸರಿತ್ತು.

‘ಲೈ 4’, ‘ಲೈ 7’ ಎಂಬುದು ಪ್ರೈಮರಿ ಕೀ ಮಾಡುವ ಕೆಲಸ. ಇಬ್ಬರನ್ನು ಬೇರೆ ಮಾಡುವ ಗುರುತು. ಹೆಸರು ಕೀ ಆಗಲಾರದು ಎಂದು ನಾನು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದಿದ್ದೆ. ಒಂದೇ ಮನೆಯಲ್ಲಿ ಒಂದೇ ಹೆಸರಿನವರು ಇದ್ದರೇನು ಎಂದು ಅಪ್ಪನನ್ನು ಕೇಳಿದೆ. ‘ಹಾಗಾದ್ರೆ ನಂಬರ್ ಕೊಡ್ಬೇಕು’ ಎಂದರು. ಆಕ್ಸೆಸ್‌ನಲ್ಲಿ ಅದಕ್ಕೇ ‘ಆಟೋನಂಬರ್’ ಇರುವುದು.

ಹೆಸರಿನ ತೊಂದರೆ ಇನ್ನೊಂದು ದಿಕ್ಕಿನಿಂದಲೂ ಬರುತ್ತದೆ. ಒಂದು ದಿನ ‘ಗೌರಿ’ ಎಂದು, ಇನ್ನೊಂದು ದಿನ ದೀರ್ಘ ಹಾಕಿ ‘ಗೌರೀ’ ಎಂದು ಟೈಪ್ ಮಾಡಿದರೆ ನಮಗೆ ಒಬ್ಬರೇ, ಕಂಪ್ಯೂಟರಿಗೆ ಇಬ್ಬರು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಒಂದು, ಯೂನಿಕೋಡಿನಲ್ಲಿ ಮಾಡಿದ್ದು ಒಂದಾದರೆ ಪರದೆಯ ಮೇಲೆ ಒಂದೇ ಥರ ಕಂಡರೂ ಒಳಗೆ ಬೇರೆ ಬೇರೆ ಸಂಕೇತ, ಹುಡುಕಿದರೆ ಸಿಗುವುದಿಲ್ಲ. ಕನ್ನಡದಲ್ಲಿ ಡೇಟಾಬೇಸ್ ಮಾಡುವವರು ಮೊದಲ ದಿನವೇ ಯೂನಿಕೋಡ್ ಎಂದು ತೀರ್ಮಾನಿಸಬೇಕು.

ಕೆಲವು ಕಡೆ ಎರಡು ಹೆಸರನ್ನು ಸೇರಿಸಿ ಅಪ್ಪ ಒಂದು ಬಿಲ್ಲಿನಂಥ ಆವರಣ ಹಾಕಿದ್ದರು. ಗಂಡ ಹೆಂಡತಿ ಸೇರಿ ಕುಯ್ದು ಒಟ್ಟಿಗೇ ತೂಗಿದ್ದು, ಕೂಲಿ ಅರ್ಧ ಅರ್ಧ. ನನ್ನ ಟೇಬಲ್‌ನಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಗಂಡನ ಹೆಸರಿಗೆ ಪೂರ್ತಿ ಹಾಕಿಬಿಟ್ಟಿದ್ದೆ. ಕ್ಲಾಸ್ ಡಯಾಗ್ರಾಂನಲ್ಲಿ ಗೆರೆಯ ಎರಡು ತುದಿಗೆ 1 ಎಂದೋ ನಕ್ಷತ್ರ ಎಂದೋ ಬರೆಯುತ್ತೇವಲ್ಲ, ಮಲ್ಟಿಪ್ಲಿಸಿಟಿ ಎಂದು, ಅದರ ಅರ್ಥ ನನಗೆ ಆಗ ಆಯಿತು. ಒಬ್ಬರಿಗೆ ಅನೇಕ ತೂಕ ಇರಬಹುದು. ಒಂದು ತೂಕಕ್ಕೆ ಅನೇಕರು ಇರಬಹುದೇ? ಇರಬಹುದು ಎಂದಾದರೆ ಎರಡು ಟೇಬಲ್ ಸಾಲದು, ನಡುವೆ ಮೂರನೆಯದು ಬೇಕು: ಯಾವ ತೂಕದಲ್ಲಿ ಯಾರ ಪಾಲು ಎಷ್ಟು ಎಂದು ಹೇಳುವುದು. ಆ ನಕ್ಷತ್ರ ಬಿಟ್ಟರೆ ಪರೀಕ್ಷೆಯಲ್ಲಿ ಒಂದು ಅಂಕ ಹೋಗುತ್ತದೆ. ತೋಟದಲ್ಲಿ ಬಿಟ್ಟರೆ ಒಬ್ಬ ಹೆಂಗಸಿನ ಕೂಲಿ ಅವಳ ಹೆಸರಿನಲ್ಲಿ ಇಲ್ಲದಂತಾಗುತ್ತದೆ.

ಲೆಡ್ಜರಿನ ಮೇಲ್ತುದಿಯಲ್ಲಿ ಅಲ್ಲಲ್ಲಿ ಕೆಂಪು ಶಾಯಿಯಲ್ಲಿ ಹೊಸ ದರ ಇತ್ತು. ಕೊಯ್ಲು ಮುಗಿಯುತ್ತ ಬಂದಂತೆ ಗಿಡದಲ್ಲಿ ಹಣ್ಣು ಕಡಿಮೆ, ಒಂದು ಕೆ.ಜಿ. ಕುಯ್ಯಲು ಶ್ರಮ ಹೆಚ್ಚು. ಆಗ ದರ ಏರಿಸುತ್ತಾರೆ. ನಾನು ದರವನ್ನು ಕ್ವೆರಿಯೊಳಗೆ ಒಂದೇ ಸಂಖ್ಯೆಯಾಗಿ ಬರೆದಿದ್ದೆ. ಅದನ್ನು ಬದಲಿಸಿದ್ದರೆ ಹಿಂದಿನ ವಾರಗಳ ಕೂಲಿಯೂ ಬದಲಾಗುತ್ತಿತ್ತು. ದರಕ್ಕೆ ‘ಯಾವ ದಿನದಿಂದ’ ಎಂಬ ಕಾಲಂ ಇರುವ ಬೇರೆಯೇ ಟೇಬಲ್ ಬೇಕಾಯಿತು.

ಲೆಡ್ಜರಿನ ಕೊನೆಯ ಪುಟಗಳಲ್ಲಿ ಮಳೆ ಲೆಕ್ಕ. ಕೊಡಗಿನಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿ.ಮೀ. ಅಪ್ಪ ಒಂದು ಕಡೆ ‘1-5’ ಎಂದು ಬರೆದಿದ್ದರು. ನಾನು 1.5 ಎಂದು ಟೈಪ್ ಮಾಡಿದ್ದೆ. ಅದು ಒಂದು ಇಂಚು ಐದು ಸೆಂಟು, ಅಂದರೆ 1.05. ನನ್ನ ಚುಕ್ಕೆಯಿಂದ ನಲವತ್ತೈದು ಸೆಂಟು ಮಳೆ ಸುಮ್ಮನೆ ಸುರಿದುಬಿಟ್ಟಿತು! ಹೂಮಳೆ ಸಾಕಷ್ಟು ಬಂತೇ, ಸ್ಪ್ರಿಂಕ್ಲರ್ ಹಾಕಬೇಕೇ ಎಂದು ತೀರ್ಮಾನಿಸುವವರಿಗೆ ಅದು ಸಣ್ಣ ವ್ಯತ್ಯಾಸವಲ್ಲ. ಈಗ ಮಳೆಯನ್ನು ಪೂರ್ತಿ ಸೆಂಟಿನಲ್ಲೇ, 105 ಎಂದು, ಪೂರ್ಣ ಸಂಖ್ಯೆಯಾಗಿ ಇಟ್ಟಿದ್ದೇನೆ. ಹಣಕ್ಕೆ ಆಕ್ಸೆಸ್‌ನ ‘ಕರೆನ್ಸಿ’ ಬಗೆಯನ್ನೇ ಬಳಸಿದ್ದೇನೆ. ಡೇಟಾ ಟೈಪ್ ಆಯ್ಕೆ ಎಂಬ ಅಧ್ಯಾಯವನ್ನು ಗೈಡ್‌ನಲ್ಲಿ ಹಾರಿಸಿದ್ದೆ. ತಿರುಗಿ ಹೋಗಿ ಓದಿದೆ.

ಅಪ್ಪನಿಗೆ ಯುಎಂಎಲ್ ಎಂದರೇನು ಎಂದು ಗೊತ್ತಿಲ್ಲ. ಆದರೆ ಆ ಲೆಡ್ಜರ್ ಒಂದು ಪೂರ್ತಿ ವಿನ್ಯಾಸ. ವರ್ಷಗಳ ಕಾಲ ತಪ್ಪಿ, ತಿದ್ದಿಕೊಂಡು, ಜಗಳ ಬಂದಲ್ಲೆಲ್ಲ ಒಂದು ಗುರುತು ಸೇರಿಸಿ ಆದದ್ದು. ನಾನು ಅದನ್ನು ‘ಕಂಪ್ಯೂಟರೀಕರಣ’ ಮಾಡುವ ಹೆಸರಿನಲ್ಲಿ ಆ ಗುರುತುಗಳನ್ನೇ ಬಿಟ್ಟಿದ್ದೆ.

ಗೆರೆ ಎಳೆಯುವುದು ಯಾಕೆ

ಎರಡನೇ ಸಲ ಲ್ಯಾಪ್‌ಟಾಪ್ ತೆರೆಯುವ ಮೊದಲು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಡಯಾಗ್ರಾಂ ಬರೆದೆ. ಯೂಸ್ ಕೇಸ್‌ನಲ್ಲಿ ಕಡ್ಡಿ ಮನುಷ್ಯರು ಮೂವರು: ತೂಗುವ ರೈಟರ್, ಕುಯ್ಯುವವರು, ಹಣ ಕೊಡುವ ಮಾಲೀಕರು. ಕುಯ್ಯುವವರಿಗೆ ಏನು ಬೇಕು? ‘ನನ್ನ ಲೆಕ್ಕ ತೋರಿಸಿ’ ಎನ್ನುವುದು. ಮೊದಲ ಪ್ರಯತ್ನದಲ್ಲಿ ಅದು ನನ್ನ ತಲೆಗೇ ಬಂದಿರಲಿಲ್ಲ. ಬರೆದದ್ದನ್ನು ಅಪ್ಪನಿಗೆ ತೋರಿಸಿದೆ. ಮೊಟ್ಟೆ, ಗೆರೆಗಳ ಅರ್ಥ ಎರಡು ನಿಮಿಷದಲ್ಲಿ ಹಿಡಿದು, ‘ಮುಂಗಡ ಎಲ್ಲಿ?’ ಎಂದು ಕೇಳಿದರು. ನಿಜ, ಬಿಟ್ಟುಹೋಗಿತ್ತು. ಟೇಬಲ್ ಕಟ್ಟಿದ ಮೇಲೆ ಗೊತ್ತಾಗಿದ್ದರೆ ಅರ್ಧ ಕೆಡವಬೇಕಿತ್ತು. ಕಾಗದದ ಮೇಲೆ ಒಂದು ಚೌಕ ಸೇರಿಸಿದರೆ ಮುಗಿಯಿತು.

ಯುಎಂಎಲ್ ಹುಟ್ಟಿದ್ದೂ ಇಂಥ ಅಗತ್ಯದಿಂದಲೇ. 1990ರ ದಶಕದ ಆರಂಭದಲ್ಲಿ ಒಬ್ಬೊಬ್ಬ ತಜ್ಞನದು ಒಂದೊಂದು ಗೆರೆ, ಒಂದೊಂದು ಗುರುತು. ಒಬ್ಬರು ಬರೆದ ಚಿತ್ರ ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಗ್ರೇಡಿ ಬೂಚ್, ಜೇಮ್ಸ್ ರಂಬಾ, ಐವಾರ್ ಜೇಕಬ್‌ಸನ್ ಎಂಬ ಮೂವರು ರೇಷನಲ್ ಕಂಪನಿಯಲ್ಲಿ ಕೂಡಿ ತಮ್ಮ ವಿಧಾನಗಳನ್ನು ಒಂದುಗೂಡಿಸಿದರು. 1997ರಲ್ಲಿ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಅದನ್ನು ಮಾನಕವಾಗಿ ಒಪ್ಪಿತು. ಯೂಸ್ ಕೇಸ್ ಎಂಬ ವಿಚಾರ ಜೇಕಬ್‌ಸನ್ ಸ್ವೀಡನ್ನಿನ ಎರಿಕ್ಸನ್‌ನಲ್ಲಿ ಟೆಲಿಫೋನ್ ವ್ಯವಸ್ಥೆಗಳ ಕೆಲಸ ಮಾಡುತ್ತಿದ್ದ ಅನುಭವದಿಂದ ಬಂದದ್ದು. ಮಾರ್ಟಿನ್ ಫೌಲರ್ ಎಂಬ ಲೇಖಕರು ಯುಎಂಎಲ್ ಅನ್ನು ಕೈಬರಹದ ಚಿತ್ರದಂತೆ, ಮನೆ ಕಟ್ಟುವ ನಕ್ಷೆಯಂತೆ, ಪ್ರೋಗ್ರಾಮಿಂಗ್ ಭಾಷೆಯಂತೆ ಹೀಗೆ ಮೂರು ರೀತಿಯಲ್ಲಿ ಬಳಸಬಹುದು ಎನ್ನುತ್ತಾರೆ. ಪರೀಕ್ಷೆ ನಮ್ಮಿಂದ ಎರಡನೆಯದನ್ನು ಕೇಳುತ್ತದೆ. ನನಗೆ ಕೆಲಸಕ್ಕೆ ಬಂದದ್ದು ಮೊದಲನೆಯದು.

ಗೈಡ್ ಹಿಡಿದು ಕಲಿಯುವವರಿಗೆ

‘ಗೈಡ್ ಓದಿ ಪಾಸಾದವನು’ ಎನ್ನುವುದು ನಮ್ಮ ಕಾಲೇಜುಗಳಲ್ಲಿ ಬೈಗುಳ. ನನಗೆ ಹಾಗನಿಸುವುದಿಲ್ಲ. ಮನೆಯಲ್ಲಿ ನೆಟ್ ಇಲ್ಲದವನಿಗೆ, ಕೋಚಿಂಗ್‌ಗೆ ಹಣವಿಲ್ಲದವನಿಗೆ ಗೈಡ್ ದೊಡ್ಡ ಆಸರೆ. ಓದುವ ರೀತಿಯನ್ನು ಮಾತ್ರ ಸ್ವಲ್ಪ ಬದಲಿಸಿಕೊಳ್ಳಬೇಕು. ನನಗೆ ಉಪಯೋಗವಾದದ್ದನ್ನು ಹೇಳುತ್ತೇನೆ.

ಗೈಡ್‌ನ ಉದಾಹರಣೆಯನ್ನು ಒಮ್ಮೆ ಹಾಗೇ ಮಾಡಿ, ಕೈ ಪಳಗಲಿ. ಎರಡನೇ ಸಲ ಅದೇ ಅಧ್ಯಾಯವನ್ನು ನಿಮಗೆ ಗೊತ್ತಿರುವ ಲೆಕ್ಕದ ಮೇಲೆ ಮಾಡಿ. ಎಟಿಎಂ, ಗ್ರಂಥಾಲಯ ಬಿಡಿ. ನಿಮ್ಮೂರಿನ ಹಾಲಿನ ಡೇರಿ, ಸ್ವಸಹಾಯ ಸಂಘದ ಪುಸ್ತಕ, ಅಂಗಡಿಯ ಸಾಲದ ಚೀಟಿ, ಹಾಸ್ಟೆಲ್ ಮೆಸ್ ಲೆಕ್ಕ, ಯಾವುದಾದರೂ ಆದೀತು. ಅಲ್ಲಿ ತಪ್ಪಾದರೆ ಕೇಳುವವರು ಇರುತ್ತಾರೆ. ಗೈಡ್‌ನ ಎಟಿಎಂನಲ್ಲಿ ಯಾರೂ ಬಂದು ‘ನನ್ನದು?’ ಎನ್ನುವುದಿಲ್ಲ.

ಅಳಿಸುವ ಮೊದಲು ಒಂದು ಪ್ರತಿ ಇಟ್ಟುಕೊಳ್ಳಿ. ಆಕ್ಸೆಸ್‌ನಲ್ಲಿ ಎಲ್ಲವೂ ಒಂದೇ ಫೈಲಿನಲ್ಲಿರುವುದರಿಂದ ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಸಾಕು. ಸಂಬಂಧ ಹಾಕುವಾಗ ‘ಎನ್‌ಫೋರ್ಸ್ ರೆಫರೆನ್ಷಿಯಲ್ ಇಂಟಿಗ್ರಿಟಿ’ ಎಂಬ ಚೌಕಕ್ಕೆ ಟಿಕ್ ಹಾಕಿ. ಪಟ್ಟಿಯಲ್ಲಿಲ್ಲದ ಕೆಲಸಗಾರನ ಹೆಸರಿಗೆ ತೂಕ ಹಾಕಲು ಅದು ಬಿಡುವುದಿಲ್ಲ. ಅದರ ಕೆಳಗಿನ ‘ಕ್ಯಾಸ್ಕೇಡ್ ಡಿಲೀಟ್’ಗೆ ಮಾತ್ರ ಯೋಚಿಸದೆ ಟಿಕ್ ಹಾಕಬೇಡಿ. ಒಬ್ಬರನ್ನು ಅಳಿಸಿದರೆ ಅವರ ವರ್ಷದ ಲೆಕ್ಕವೂ ಜೊತೆಗೆ ಹೋಗುತ್ತದೆ.

ಆಕ್ಸೆಸ್ ಕಲಿತರೆ ಕೆಲಸ ಸಿಗುತ್ತದೆಯೇ ಎಂದು ಗೆಳೆಯರು ಕೇಳುತ್ತಾರೆ. ರೆಸ್ಯುಮೆಯಲ್ಲಿ ಆ ಒಂದು ಪದದಿಂದ ಸಿಗಲಾರದು. ಅದಕ್ಕೆ ಮಿತಿಗಳಿವೆ: ಒಂದು ಫೈಲು 2 ಜಿಬಿಗಿಂತ ದೊಡ್ಡದಾಗುವಂತಿಲ್ಲ, ವಿಂಡೋಸ್ ಬಿಟ್ಟು ಬೇರೆಡೆ ನಡೆಯದು, ತುಂಬಾ ಜನ ಒಟ್ಟಿಗೆ ಬಳಸಿದರೆ ತಡವರಿಸುತ್ತದೆ. ಹಣ ಕೊಡಲಾಗದವರಿಗೆ ಲಿಬ್ರೆಆಫೀಸ್ ಬೇಸ್ ಉಚಿತವಾಗಿದೆ. ಆದರೆ ಟೇಬಲ್ ಒಡೆಯುವುದು, ಕೀ ಆರಿಸುವುದು, ಸಂಬಂಧ ಕಟ್ಟುವುದು ಇಲ್ಲಿ ಬಂದರೆ ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್, ಒರಾಕಲ್ ಎಲ್ಲದರಲ್ಲೂ ಬರುತ್ತದೆ. ಕಾಲೇಜಿನ ಅಣಕು ಸಂದರ್ಶನದಲ್ಲಿ ‘ನಿಮ್ಮ ಪ್ರಾಜೆಕ್ಟಿನಲ್ಲಿ ದರಕ್ಕೆ ಬೇರೆ ಟೇಬಲ್ ಯಾಕೆ?’ ಎಂದು ಕೇಳಿದರು. ನಾರ್ಮಲೈಸೇಷನ್‌ನ ವ್ಯಾಖ್ಯೆ ಹೇಳಲಿಲ್ಲ. ಕೆಂಪು ಶಾಯಿಯ ಕತೆ ಹೇಳಿದೆ. ಕೇಳುತ್ತಿದ್ದವರು ಪೆನ್ ಕೆಳಗಿಟ್ಟು ಇನ್ನೂ ನಾಲ್ಕು ಪ್ರಶ್ನೆ ಕೇಳಿದರು. ನಾಲ್ಕಕ್ಕೂ ನನ್ನಲ್ಲಿ ಉತ್ತರವಿತ್ತು. ಎಲ್ಲವೂ ಲೆಡ್ಜರಿನಿಂದಲೇ ಬಂದದ್ದು.

ಎರಡನೇ ಸಲ ಮಾಡಿದ ಡೇಟಾಬೇಸ್ ಕೊಯ್ಲಿನ ಕೊನೆಯ ಮೂರು ವಾರ ನಡೆಯಿತು. ಅಪ್ಪ ಲೆಡ್ಜರ್ ಬಿಡಲಿಲ್ಲ, ನಾನೂ ಬಿಡಿ ಎನ್ನಲಿಲ್ಲ. ಶುಕ್ರವಾರ ರಾತ್ರಿ ಎರಡನ್ನೂ ಹೋಲಿಸಿ ನೋಡುತ್ತಿದ್ದೆವು. ಮೊದಲ ವಾರ ಒಂದು ಕಡೆ ವ್ಯತ್ಯಾಸ ಬಂತು, ನನ್ನ ಟೈಪಿಂಗ್ ತಪ್ಪು. ಎರಡನೇ ವಾರ ಒಂದು ಬಂತು, ಅಪ್ಪನ ಕೂಡಿಸುವ ತಪ್ಪು. ಮೂರನೇ ವಾರ ಎರಡೂ ಒಂದೇ ಬಂದವು. ಒಂಬತ್ತೂವರೆಗೆ ಅಪ್ಪ ಕನ್ನಡಕ ತೆಗೆದಿಟ್ಟು ಮಲಗಿದರು.

ಮರುದಿನ ಬಟವಾಡೆಯಲ್ಲಿ ಲೈನ್ ಮನೆ 7ರವರ ಸರದಿ ಬಂದಾಗ ಲ್ಯಾಪ್‌ಟಾಪ್ ತಿರುಗಿಸಿ ಅವರ ವಾರದ ಲೆಕ್ಕ ತೋರಿಸಿದೆ. ಅವರಿಗೆ ಓದು ಬಾರದು. ‘ಹೇಳು’ ಎಂದರು. ಸೋಮವಾರದಿಂದ ಒಂದೊಂದೇ ದಿನದ ಕೆ.ಜಿ. ಓದಿದೆ. ಪ್ರತಿಯೊಂದಕ್ಕೂ ತಲೆಯಾಡಿಸಿ, ಕೊನೆಗೆ ‘ಸರಿ’ ಎಂದು ಹಣ ಎಣಿಸಿಕೊಂಡರು.